ಆಮೆಯ ಕಾಲ್ಗುಣ

ನನಗೆ ಆಮೆ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಒಂದು ಆಮೆಯನ್ನು ತಿಂಗಳುಗಟ್ಟಲೆ ಮನೆಯೊಳಗೆ ಸಾಕಿದವಳು ಅಂತ ತಿಳಿದ ಕೂಡಲೇ ಜನ ನನ್ನನ್ನು ದೊಡ್ಡ ಪ್ರಾಣಿಪ್ರಿಯೆ ಅಂದುಕೊಳ್ಳುತ್ತಾರೆ. ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ಆ ಸುಕ್ಕು ಕತ್ತು, ಹಲ್ಲಿಲ್ಲದ ಬೊಚ್ಚು ಬಾಯಿ, ತಲೆ ಒಳಗೆಳೆದುಕೊಳ್ಳುವಾಗ ಬುಸ್ಸೆಂದು ಬಿಡುವ ಉಸಿರು, ಯಾವುದೂ ನನಗೆ ಸೇರುವುದಿಲ್ಲ. ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಯದೆ ನಾನು ರಾಗಿಹಿಟ್ಟಿನ ಡಬ್ಬ ಮುಟ್ಟಿದವಳಲ್ಲ.

ಮದುವೆಯಾಗಿ ನಿಡಘಟ್ಟದಿಂದ ಭಾರತೀನಗರಕ್ಕೆ ಬಂದಾಗ ಗಂಡನ ಮನೆ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ನಡುಮನೆಯ ತುಂಬ ಮುಖ ಕಾಣುವಂಥ ಬಿಳಿ ಟೈಲ್ಸು. ಇದ್ದವರು ಮೂರೇ ಜನ: ಅತ್ತೆ, ಗಂಡ, ನಾನು. ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ನಾಲ್ಕನೆಯವರು ಚಿಕ್ಕಮಾವ, ಅಂದರೆ ತೀರಿಹೋದ ನಮ್ಮ ಮಾವನ ತಮ್ಮ. ಅವರ ಮನೆ ಎದುರು ಬೀದಿಯಲ್ಲಿತ್ತು, ಊಟ ಮಾತ್ರ ನಮ್ಮಲ್ಲಿ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವಾಸ್ತು ಕಲಿತಿದ್ದರು. ಯಾರ ಮನೆಗೆ ಹೋದರೂ ಕಾಫಿ ಕುಡಿಯುವ ಮೊದಲು ಬಚ್ಚಲು ಯಾವ ದಿಕ್ಕಿಗಿದೆ ಅಂತ ನೋಡುವ ಮನುಷ್ಯ.

ನಮ್ಮ ಕಡೆ ಹೊಸ ಹೆಣ್ಣು ಹೊಸಿಲಲ್ಲಿ ಸೇರಕ್ಕಿ ಒದ್ದು ಒಳಗೆ ಬಂದ ಮೇಲೆ ಆ ಮನೆಯಲ್ಲಿ ಏನೇ ಆಗಲಿ, ಅದು ಅವಳ ಕಾಲ್ಗುಣ. ಹಸು ಗಬ್ಬವಾದರೂ ಅವಳ ಕಾಲು, ಮೋಟಾರು ಸುಟ್ಟುಹೋದರೂ ಅವಳ ಕಾಲು. ಹೊಸತರಲ್ಲಿ ಎಲ್ಲರೂ ನನ್ನ ಮುಖಕ್ಕಿಂತ ಹೆಚ್ಚಾಗಿ ಪಾದವನ್ನೇ ನೋಡುತ್ತಿದ್ದರು. ಅದೂ ಒಂದು ಅಸಹ್ಯವೇ. ಸಾಲದ್ದಕ್ಕೆ ನಾನು ಕಾಲಿಟ್ಟ ತಿಂಗಳಲ್ಲೇ ಚಿಕ್ಕಮಾವ ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಬಂದರು.

"ಮಳವಳ್ಳಿ ಕಡೆ ನೆಂಟ್ರ ಒಲ್ದಲ್ಲಿ ಸಿಕ್ತು ಕಣ್ಲಾ ಮಗ," ಅಂತ ನನ್ನ ಗಂಡನಿಗೆ ಹೇಳುತ್ತ ಚೀಲ ಬಗ್ಗಿಸಿದರು. "ಬೆನ್ ನೋಡು, ನಕ್ಸತ್ರ ಬರ್ದಂಗದೆ. ಈಸಾನ್ಯದಲ್ಲಿ ಉರುಳಿಗೆ ನೀರಾಕಿ ಬುಟ್ಬುಡು. ಯಾಪಾರ ಎಂಗ್ ಕುದುರ್ತದೆ ನೋಡ್ತಿರು."

ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳಿದ್ದ ಆಮೆ. ಟೈಲ್ಸಿನ ಮೇಲೆ ಇಟ್ಟ ಕೂಡಲೇ ನಾಲ್ಕೂ ಕಾಲು ನಾಲ್ಕು ಕಡೆಗೆ ಜಾರಿ ಹೊಟ್ಟೆ ನೆಲಕ್ಕೆ ಬಿತ್ತು. ಹೊಲದಲ್ಲಿ ಸಿಕ್ಕಿದ್ದನ್ನು ನೀರಿಗೆ ಯಾಕೆ ಹಾಕಬೇಕು ಅಂತ ಕೇಳಿದೆ. "ಆಮೆ ಅಂದ್ಮೇಲೆ ನೀರ್ದೇಯ ಕಣಮ್ಮಿ" ಅಂದರು. ಕೆರೆಯಲ್ಲಿರುವುದಕ್ಕೂ ಬಂಡೆಯ ಸಂದಿಯಲ್ಲಿರುವುದಕ್ಕೂ ನಮ್ಮ ಬಾಯಲ್ಲಿ ಒಂದೇ ಹೆಸರು. ಕ್ಯಾಲೆಂಡರಿನ ಕೂರ್ಮಾವತಾರವೂ ನೀರಲ್ಲೇ ಇರುವುದು. ಇನ್ನು ಹೊಸ ಸೊಸೆಯ ಮಾತು ಯಾರಿಗೆ ಬೇಕು? ನಮ್ಮಜ್ಜಿ ಇದ್ದಿದ್ದರೆ ಹೊಸಿಲು ದಾಟಿದ ಆಮೆಯನ್ನು ಆಚೆ ಹಾಕಿಸಿ ಮನೆಗೆಲ್ಲ ಗಂಜಲ ಎರಚುತ್ತಿದ್ದಳು. ಒಂದು ತಲೆಮಾರಿಗೆ ಅಪಶಕುನವಾಗಿದ್ದು ಇನ್ನೊಂದಕ್ಕೆ ಲಕ್ಷ್ಮಿಯಾಗಲು ಒಂದು ಮೊಬೈಲು ಸಾಕಾಯಿತು.

ಆ ವಾರ ನಾಲೆಗೆ ನೀರು ಬಿಟ್ಟರು. ಇಡೀ ತಾಲ್ಲೂಕಿನ ಗೊಬ್ಬರದ ಅಂಗಡಿಗಳೆಲ್ಲ ಖಾಲಿಯಾದವು, ನಮ್ಮದೂ ಆಯಿತು. ಆಮೆಯ ಕಾಲ್ಗುಣ ಅಂದರು. ಅದರ ಮಾರನೇ ವಾರ ಗಂಡ ಬೈಕಿನಿಂದ ಬಿದ್ದು ಕೈ ಉಳುಕಿಸಿಕೊಂಡರು. ಆಗ ಅತ್ತೆ ನನ್ನ ಕಾಲು ನೋಡಿದರು. ಲೆಕ್ಕ ಹೀಗೇ ನಡೆಯುತ್ತದೆ ಅಂತ ನನಗೆ ಅವತ್ತೇ ಗೊತ್ತಾಯಿತು. ಒಳ್ಳೆಯದು ಬಂದರೆ ಅದರ ಕಾಲು, ಕೆಟ್ಟದ್ದಾದರೆ ನನ್ನ ಕಾಲು. ಈ ಪ್ರಾಣಿ ಸತ್ತರಂತೂ ಮುಗಿದೇ ಹೋಯಿತು. ಸೊಸೆ ಬಂದಳು, ಲಕ್ಷ್ಮಿ ಸತ್ತಳು ಅನ್ನುವ ಮಾತು ಊರೆಲ್ಲ ಸುತ್ತಿ ನನ್ನ ಅಪ್ಪನ ಮನೆಯ ಜಗಲಿಗೂ ಬಂದು ಕೂರುತ್ತದೆ. ಹಾಗಾಗಿ ಹೇಸಿಗೆಯಾದರೂ ಅದು ಬದುಕಲೇಬೇಕಿತ್ತು.

ಉರುಳಿಯ ನೀರು ಬದಲಿಸುವುದು ನನ್ನ ಪಾಲಿಗೆ ಬಂತು. ಅಗಲ ಬಾಯಿಯ, ಹೊಳೆಯುವ ಹಿತ್ತಾಳೆ ಉರುಳಿ. ಒಳಗೆ ಮಾತ್ರ ನೋಡಬಾರದು. ಪಕ್ಷಿಗೆ ಹಾಕುವ ಹಾಗೆ ಹಾಕಿದ ಕಡಲೆಪುರಿ ಊದಿಕೊಂಡು ತೇಲುತ್ತಿತ್ತು. ಶನಿವಾರ ಶನಿವಾರ ಬೆನ್ನಿಗೆ ಎರೆದ ಹಾಲು ಒಡೆದು ಎಳೆ ಎಳೆಯಾಗಿ ನಿಂತಿರುತ್ತಿತ್ತು. ಕುಂಕುಮ, ಅರಿಸಿನ, ಕೊಳೆತ ಸೇವಂತಿಗೆ ಎಸಳು, ಇವುಗಳ ನಡುವೆ ಅದರ ಹೇಲು. ಬಂದವರೆಲ್ಲ ಬಗ್ಗಿ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಕೈಯಲ್ಲಿ ನಾನು ಕೊಟ್ಟ ಚಕ್ಕುಲಿ ತಿನ್ನುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು ನೀರು ಚೆಲ್ಲಿದರೆ, "ಲಕ್ಸ್ಮಿ ಮುಂದೆ ಮೂಗ್ ಮುಚ್ಕಂತೀಯಾ?" ಅಂತ ಅತ್ತೆಯ ಗೊಣಗಾಟ.

ಇಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದೆನೋ ಏನೋ. ಒಂದು ದಿನ ಚಿಕ್ಕಮಾವ ಇನ್ನೊಂದು ವಿಡಿಯೋ ನೋಡಿ ಬಂದರು. ಆ ನೀರನ್ನು ಮನೆಗೆಲ್ಲ ಪ್ರೋಕ್ಷಣೆ ಮಾಡಿ, ಒಂದು ಉದ್ಧರಣೆಯಷ್ಟು ತೀರ್ಥದ ಹಾಗೆ ತೆಗೆದುಕೊಳ್ಳಬೇಕಂತೆ. ಅತ್ತೆ ತೆಗೆದುಕೊಂಡರು, ಗಂಡ ತೆಗೆದುಕೊಂಡರು, ಚಿಕ್ಕಮಾವ ಎರಡು ಸಲ ತೆಗೆದುಕೊಂಡರು. ನಾನು ಅಂಗೈಗೆ ಹಾಕಿಸಿಕೊಂಡು ತಲೆಗೆ ಸವರಿಕೊಂಡ ಹಾಗೆ ಮಾಡಿ, ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡೆ.

ಮಾರನೆಯ ದಿನದಿಂದ ಶುರುವಾಯಿತು. ಮೂವರಿಗೂ ವಾಂತಿ, ಭೇದಿ, ಚಳಿಜ್ವರ. ಚಿಕ್ಕಮಾವನೂ ನಮ್ಮಲ್ಲೇ ಮಲಗಿದರು. ಬಚ್ಚಲು ಒಬ್ಬರಿಂದ ಒಬ್ಬರಿಗೆ ಬಿಡುವಾಗುತ್ತಿರಲಿಲ್ಲ. ಬಟ್ಟೆ ಒಗೆದವಳು, ಬಕೆಟ್ಟು ಎತ್ತಿದವಳು, ನೆಲ ಒರೆಸಿದವಳು ನಾನೇ. ವಿವರ ಬೇಡ, ಓದುವವರೂ ಊಟ ಮಾಡಬೇಕಲ್ಲ. ಡ್ರಿಪ್ಸ್ ಹಾಕಿಸಿಕೊಂಡು ಚೇತರಿಸಿಕೊಂಡ ಮೇಲೆ ಅತ್ತೆಗೆ ಕಾರಣವೂ ಸಿಕ್ಕಿತು.

"ಆವತ್ತಿನ ಉಪ್ಸಾರಲ್ಲೇ ಏನೋ ಆಗದೆ," ಅಂದರು. "ಇವ್ಳೊಬ್ಳಿಗೇ ಏನೂ ಆಗ್ನಿಲ್ಲ, ನೋಡು."

ನಾನೂ ಅದೇ ಉಪ್ಸಾರು ತಿಂದಿದ್ದೆ, ಕುಡಿಯದೆ ಇದ್ದದ್ದು ಆ ನೀರು ಮಾತ್ರ ಅಂದೆ. ದೇವರನ್ನು ಅನ್ನುತ್ತಾಳೆ ಅಂತ ಅತ್ತೆ ಕಿವಿ ಮುಚ್ಚಿಕೊಂಡರು. ನಾನು ಗಂಡನ ಮುಖ ನೋಡಿದೆ. ಅವರು ಮೊಬೈಲು ನೋಡುತ್ತಿದ್ದರು. ಅವರ ಸ್ವಭಾವವೇ ಅಷ್ಟು ಅಂತ ಆಗ ಸಮಾಧಾನ ಮಾಡಿಕೊಂಡೆ. ಅಂಗಡಿಯಲ್ಲೂ ಅವರ ಮಾತು ಕೇಳಿಸಬೇಕಾದರೆ ಗಿರಾಕಿ ಮುಂದಕ್ಕೆ ಬಾಗಬೇಕಿತ್ತು.

ಕಾಯಿಲೆಯ ಗಡಿಬಿಡಿಯಲ್ಲಿ ಉರುಳಿಯ ಕಡೆ ಯಾರೂ ನೋಡಿರಲಿಲ್ಲ. ನೀರು ಚೆಲ್ಲಲು ಆಮೆಯನ್ನೆತ್ತಿ ಮಗುಚಿದಾಗ ಸತ್ತ ಇಲಿಯ ವಾಸನೆ ಬಂತು. ಹೊಟ್ಟೆಯ ಕಡೆಯ ಚಿಪ್ಪು ನೆನೆದ ರಟ್ಟಿನ ಹಾಗೆ ಮೆತ್ತಗಾಗಿತ್ತು, ಒತ್ತಿದರೆ ಕೀವಿನಂಥದ್ದೇನೋ ಒಸರುತ್ತಿತ್ತು. ಕಾಲುಗಳ ಚರ್ಮ ಬಿಳಿಚಿಕೊಂಡು ಪೊರೆ ಪೊರೆಯಾಗಿ ಕಳಚುತ್ತಿತ್ತು. ಮನೆಮಂದಿಯೆಲ್ಲ ಗುಣ ಕೊಂಡಾಡಿದ ಕಾಲು ಅದು. ನಾನು ಅಲ್ಲೇ ಹಿತ್ತಲಲ್ಲಿ ವಾಂತಿ ಮಾಡಿಕೊಂಡೆ. ಆಮೇಲೆ ತರಕಾರಿ ಬುಟ್ಟಿಗೆ ಹಳೇ ಟವೆಲ್ಲು ಹಾಸಿ ಅದನ್ನಿಟ್ಟುಕೊಂಡು ಮದ್ದೂರಿನ ಬಸ್ಸು ಹತ್ತಿದೆ.

ಪಶು ಆಸ್ಪತ್ರೆಯ ಡಾಕ್ಟರೂ ಆ ವಾಸನೆಗೆ ಮುಖ ಕಿವುಚಿದರು. "ಇದನ್ನ ನೀರಲ್ಲಿ ಇಟ್ಟಿದ್ರೇನಮ್ಮ?" ಅಂದರು. "ಇದು ಒಣ ನೆಲದ ಪ್ರಾಣಿ. ಈಜೋಕೂ ಬರಲ್ಲ. ಒಣಮಣ್ಣು, ಬಿಸಿಲು, ಸೊಪ್ಪು, ಇಷ್ಟೇ ಸಾಕು. ಇನ್ನೊಂದು ವಿಷಯ, ಇದನ್ನ ಮನೇಲಿಟ್ಕೊಳ್ಳೋದು ಅಪರಾಧ. ಅರಣ್ಯ ಇಲಾಖೆಗೆ ಕೊಟ್ಬಿಡಿ." ಮುಲಾಮು ಕೊಟ್ಟು, ಹಚ್ಚುವ ರೀತಿ ತೋರಿಸಿದರು.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಲಾಖೆಗೆ ಕೊಡುವ ಮಾತೆತ್ತಿದ್ದಕ್ಕೇ ಅತ್ತೆ ಕೆಂಡವಾದರು. "ಮನೆ ಲಕ್ಸ್ಮಿನ ಯಾರಾರ ಎತ್ಕೊಟ್ಟಾರೇನಮ್ಮಿ?" ಚಿಕ್ಕಮಾವ, ಡಾಕ್ಟರಿಗೆ ವಾಸ್ತು ಗೊತ್ತಿಲ್ಲ ಅಂತ ತೀರ್ಪು ಕೊಟ್ಟು ಉರುಳಿಗೆ ಹೊಸ ನೀರು ತುಂಬಲು ಎದ್ದರು. ನ್ಯಾಯದ ಮಾತು ಅಲ್ಲಿ ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರ ದಾರಿಯಲ್ಲೇ ಹೋದೆ.

"ಕಾಲು ಕೊಳ್ತು ಬಿದ್ದೋದ್ಮೇಲೆ ಕಾಲ್ಗುಣ ಎಲ್ಲಿಂದ ಬತ್ತದೆ ಅತ್ತೆ?" ಅಂದೆ.

ಅತ್ತೆ, ಕಾಲು ವಾಸಿಯಾಗುವವರೆಗೆ ನೀರು ಬೇಡ ಅಂತ ಒಪ್ಪಿಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೆಟ್ಟಿಲ ಕೆಳಗೆ ಗೊಬ್ಬರದ ಖಾಲಿ ಚೀಲ ತುಂಬುವ ಒಂದು ಕೋಣೆಯಿತ್ತು. ಪೂರ್ವಕ್ಕೆ ಕಿಟಕಿ, ಬೆಳಗಿನ ಬಿಸಿಲು ನೆಲದವರೆಗೂ ಬರುತ್ತಿತ್ತು. ಚೀಲಗಳನ್ನೆಲ್ಲ ಆಚೆ ಹಾಕಿ, ಗೊಬ್ಬರದ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆದು ಒಣಗಿಸಿದೆ. ಮನೆ ಕಟ್ಟುವಾಗ ಉಳಿದ ಹಲಗೆಗಳನ್ನು ಸುತ್ತ ನಿಲ್ಲಿಸಿದೆ, ಅದು ಹತ್ತಿ ಆಚೆಗೆ ಬೀಳದಷ್ಟು ಎತ್ತರಕ್ಕೆ. ಯಾಕೆಂದರೆ ಹಿಂದೊಮ್ಮೆ ಉರುಳಿಯಿಂದ ಹೇಗೋ ಇಳಿದು ಟೈಲ್ಸಿನ ಮೇಲೆ ಜಾರಿಕೊಂಡು ಹೋಗಿ, ಫ್ರಿಜ್ಜಿನ ಹಿಂದೆ ವೈರುಗಳ ನಡುವೆ ಅಂಗಾತ ಬಿದ್ದಿತ್ತು. ನೆಲಕ್ಕೆ ಗೋಣಿ ಹಾಸಿ ಮೇಲೆ ಒಣಮಣ್ಣು ಹರಡಿದೆ. ಬಿಸಿಲು ಸಾಕಾದರೆ ಅಡಗಲು ಒಂದು ಒಡೆದ ಮಡಕೆಯನ್ನು ಮಗ್ಗುಲಾಗಿ ಮಲಗಿಸಿದೆ. ಕುಡಿಯಲು ಮಾತ್ರ ತಟ್ಟೆಯಲ್ಲಿ ಒಂಚೂರು ನೀರು. ಬೆಕ್ಕು ಬರದ ಹಾಗೆ ಕಿಟಕಿಗೆ ಜಾಲರಿ ಹೊಡೆಸಿದೆ. ಕಡಲೆಪುರಿ, ಹಾಲು, ಬಾಳೆಹಣ್ಣು ಎಲ್ಲ ಬಂದ್. ನುಗ್ಗೆಸೊಪ್ಪು, ದಾಸವಾಳದ ಎಲೆ ಹಾಕಿದೆ. ಮೊದಲ ದಿನ ಮೂಸಲಿಲ್ಲ. ಆಮೇಲೆ ಕರಕ್ ಕರಕ್ ಅಂತ ಕತ್ತರಿಸಿ ತಿನ್ನತೊಡಗಿತು.

ಬೆಳಗ್ಗೆ ಸಂಜೆ ಅದನ್ನು ಮಗುಚಿ, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಉಸಿರು ಬಿಗಿಹಿಡಿದು ಮುಲಾಮು ಹಚ್ಚುತ್ತಿದ್ದೆ. ಅದು ಕಾಲು ಝಾಡಿಸುತ್ತಿತ್ತು, ಎಷ್ಟೋ ಸಲ ನನ್ನ ಸೀರೆಗೇ ಉಚ್ಚೆ ಹೊಯ್ದಿತ್ತು. ಪ್ರೀತಿ ಹುಟ್ಟಿತೇ ಅಂತ ಕೇಳಬೇಡಿ, ಹುಟ್ಟಲಿಲ್ಲ. ಆದರೆ ಕೀವು ನಿಂತಿತು, ಚಿಪ್ಪು ಬರಬರುತ್ತ ಗಟ್ಟಿಯಾಯಿತು, ಕಾಲಿಗೆ ಹೊಸ ಚರ್ಮ ಬಂತು. ಹಗಲೆಲ್ಲ ಹಲಗೆಯನ್ನು ಕೆರೆಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಬಲ ಬಂದಿದೆ, ಇನ್ನು ಸಾಯುವುದಿಲ್ಲ ಅಂತ ನಾನು ನೆಮ್ಮದಿಯಾದೆ.

ಕಾಲು ವಾಸಿಯಾದದ್ದನ್ನು ನೋಡಿ ಚಿಕ್ಕಮಾವನಿಗೆ ಹುಮ್ಮಸ್ಸು ಬಂತು. ಆಮೆಯನ್ನೆತ್ತಿ ಹೂವು ಮುಡಿಸಿ ಫೋಟೋ ತೆಗೆದು, "ನಮ್ಮ ಮನೆ ಮಹಾಲಕ್ಷ್ಮಿ" ಅಂತ ಬರೆದು ಸಿಕ್ಕ ಸಿಕ್ಕ ಗ್ರೂಪಿಗೆಲ್ಲ ಹಾಕಿದರು. ಅದು ಎಲ್ಲೆಲ್ಲಿ ಸುತ್ತಿತೋ, ಒಂದು ಬೆಳಗ್ಗೆ ಖಾಕಿ ಹಾಕಿದ ಇಬ್ಬರು ಅರಣ್ಯ ಇಲಾಖೆಯವರು ಜೀಪಿನಲ್ಲಿ ಬಂದಿಳಿದರು. ಅವರಲ್ಲಿ ಹಿರಿಯರು ಮೊಬೈಲು ಮುಂದೆ ಹಿಡಿದು, ಇದು ಯಾರ ಆಮೆ ಅಂತ ಕೇಳಿದರು.

"ಫೋಟೋ ನಂದೇಯ ಸಾರ್," ಅಂದರು ಚಿಕ್ಕಮಾವ. "ಆಮೆ ನಂದಲ್ಲ."

"ನಮ್ಗೇನ್ ಗೊತ್ತು ಸಾಮಿ," ಅಂದರು ಅತ್ತೆ. "ಸೊಸೆ ನೋಡ್ಕತಾಳೆ ಅದ್ನ."

"ನೋಡ್ಕಳೋರ್ನಲ್ಲ ಕೇಳ್ತಿರೋದು. ತಂದೋರು ಯಾರು? ಕೇಸಾಗೋ ವಿಷಯ ಇದು."

ನನ್ನ ಗಂಡ ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತಿದ್ದರು. ಅವರು ಗಂಟಲು ಸರಿಮಾಡಿಕೊಂಡರು. ಆ ಮನುಷ್ಯನ ಬಾಯಿಂದ ಅಷ್ಟು ಸ್ಪಷ್ಟವಾದ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

"ಇವ್ಳು ತಂದಿದ್ದು ಸಾರ್. ಮದ್ವೆ ಆದಾಗ ತೌರ್ಮನೆಯಿಂದ ತಂದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ಆಗತಾನೇ ಆಮೆಯ ಮಣ್ಣು ಬದಲಿಸಿ ಬಂದ ನನ್ನ ಕೈಗೆ ಇನ್ನೂ ಪ್ಲಾಸ್ಟಿಕ್ ಕವರು ಕಟ್ಟಿಕೊಂಡೇ ಇತ್ತು. "ಹೌದೇನಮ್ಮ?" ಅಂತ ಹಿರಿಯರು ಕೇಳಿದರು.

"ಇಲ್ಲ ಸಾರ್," ಅಂದೆ. "ನಮ್ಮಪ್ಪನ ಮನೆಯವರು ಇದನ್ನ ಕಣ್ಣಲ್ಲೂ ಕಂಡಿಲ್ಲ. ತಂದವರು ಇಲ್ಲೇ ನಿಂತಿದ್ದಾರೆ. ಒಳಗೆ ಬನ್ನಿ, ಆಮೆ ತೋರಿಸ್ತೀನಿ."

ಅವರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಗ್ಗಿ ಎಲ್ಲವನ್ನೂ ನೋಡಿದರು. ಆಮೆಯನ್ನು ಮಗುಚಿ ವಾಸಿಯಾದ ಗಾಯದ ಕಲೆ ನೋಡಿ, ಇದನ್ನೆಲ್ಲ ಮಾಡಿದ್ದು ಯಾರು ಅಂದರು. ನಾನೇ ಅಂತ ಅಂದೆ. ಡಾಕ್ಟರು ಹೇಳಿದ್ದನ್ನೂ ಯಾರೂ ಒಪ್ಪದಿದ್ದನ್ನೂ ಹೇಳಿದೆ. ಆ ಹಿರಿಯ ಅಧಿಕಾರಿ ಹೊರಗೆ ಬಂದು, ಇನ್ನೊಂದು ಸಲ ಇಂಥದ್ದು ಕಂಡರೆ ಗಂಡಸರಿಬ್ಬರನ್ನೂ ಜೀಪು ಹತ್ತಿಸುತ್ತೇನೆ ಅಂತ ಬೈದು, ಆಮೆಯನ್ನು ತೆಗೆದುಕೊಂಡು ಹೋದರು. ನಾನು ಒಂದು ಹಿಡಿ ನುಗ್ಗೆಸೊಪ್ಪು ಕೊಟ್ಟು ಕಳಿಸಿದೆ. ಜೀಪು ತಿರುವಿನಲ್ಲಿ ಮರೆಯಾಗುವುದಕ್ಕೂ ಮೊದಲೇ ಅತ್ತೆ ಶುರು ಮಾಡಿದರು. ಕಟ್ಟಿಕೊಂಡ ಗಂಡನ ಮಾತನ್ನು ಪರರ ಮುಂದೆ ಸುಳ್ಳು ಮಾಡಿದೆನಂತೆ. ಮಗನ ಮಾತು ಸುಳ್ಳೇ ಆಗಿತ್ತಲ್ಲ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಸಂಜೆ ಗಂಡ ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತು ಎಂದಿನಂತೆ ಕಾಫಿಗೆ ಕೈ ಚಾಚಿದರು. ಆ ಚಾಚಿದ ಅಂಗೈ ನೋಡಿ ನನಗೆ ಹೇಸಿಗೆಯಾಯಿತು. ಕೀವು ಒಸರುವ ಚಿಪ್ಪಿಗೆ ಮುಲಾಮು ಹಚ್ಚುವಾಗಲೂ ಅಷ್ಟು ಆಗಿರಲಿಲ್ಲ. ಲೋಟವನ್ನು ಕೈಗೆ ಕೊಡದೆ ಟೇಬಲ್ಲಿನ ಮೇಲಿಟ್ಟು ಒಳಗೆ ಹೋದೆ. ಇವತ್ತಿಗೂ ಅಲ್ಲೇ ಇಡುತ್ತೇನೆ. ಯಾಕೆ ಅಂತ ಅವರು ಇದುವರೆಗೆ ಕೇಳಿಲ್ಲ.