ಬೆನ್ನು ತೋರಿಸಿದ ಗಣಪತಿ

ಲಕ್ಷ್ಮೀಪುರಂನ ಅಂಬುಜಾ ತಾಮ್ರದ ತಗಡಿನಲ್ಲಿ ಎಬ್ಬಿಸಿದ ಮೊದಲ ಗಣಪತಿಯೇ ಕೆಟ್ಟಿತು. ಉಬ್ಬುಚಿತ್ರವನ್ನು ತಗಡಿನ ಹಿಂಬದಿಯಿಂದ ಬಡಿದು ಎಬ್ಬಿಸುತ್ತಾರೆ. ಹಾಗಾಗಿ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು. ಅವಳು ಮರೆತು, ಮನೆಯ ದೇವರಪಟದಲ್ಲಿದ್ದಂತೆ ಸೊಂಡಿಲು ಎಡಕ್ಕೆ ಹೊರಳಿದ ಎಡಮುರಿ ಗಣಪತಿಯನ್ನೇ ಬರೆದಳು. ಬಡಿದು ಮುಗಿಸಿ ಮಗುಚಿದರೆ ಬಲಮುರಿ! ಬಲಮುರಿಗೆ ಮಡಿ ಹೆಚ್ಚು, ಮನೆಯಲ್ಲಿಡಲು ಜನ ಹೆದರುತ್ತಾರೆ. ಮಾಡಿಸಿದವರು ಬೇಡವೆಂದು ಎದ್ದುಹೋದರು. ಅದು ೧೯೪೯.

ಕೆಲಸ ಕಲಿಸುತ್ತಿದ್ದ ಮಹದೇವು ಮೇಷ್ಟ್ರು ತಗಡಿನ ಬೆನ್ನು ಹೊರಗೆ ಮಾಡಿ ಕಾರ್ಖಾನೆಯ ಗೋಡೆಗೆ ಮೊಳೆ ಹೊಡೆದರು. ತನ್ನ ತಪ್ಪನ್ನು ಮುಚ್ಚಿದರೆಂದುಕೊಂಡು ಅಂಬುಜಾ ಹದಿನೈದು ವರ್ಷ ಆ ಗೋಡೆಯ ಮುಂದೆ ತಲೆತಗ್ಗಿಸಿಯೇ ಓಡಾಡಿದಳು. ಅಷ್ಟರಲ್ಲಿ ಅವಳ ನಕ್ಷೆಯ ಹರಿವಾಣಗಳು ಊರಿನ ಎಷ್ಟೋ ದೇವರಮನೆ ಸೇರಿದ್ದವು.

ಅವಳು ಸರಸ್ವತಿಪುರಂನಲ್ಲಿ ಸ್ವಂತ ಕಾರ್ಖಾನೆ ತೆರೆದ ದಿನ ಮೇಷ್ಟ್ರು ಅದೇ ತಗಡನ್ನು ತಂದುಕೊಟ್ಟರು.

“ಇದನ್ನ ಇನ್ನೂ ಮುಚ್ಚಿಡಬೇಕಾ, ಮೇಷ್ಟ್ರೇ?” ಎಂದಳು.

“ಮುಚ್ಚಿದ್ದು ಯಾರಮ್ಮ? ಏಟು ಕಾಣೋದು ಈ ಕಡೆಯಿಂದ ಕಣಮ್ಮ. ಒಂದೇಟೂ ಜಾರಿಲ್ಲ. ಹೊಸಬರು ಬಂದಾಗೆಲ್ಲ ಇದನ್ನೇ ತೋರಿಸ್ತಿದ್ದೆ, ನೀನೇ ತಲೆ ಎತ್ತಿ ನೋಡಲಿಲ್ಲ.”

ಅಂಬುಜಾ ಕಣ್ಣೊರೆಸಿಕೊಂಡು ನೋಡಿದಳು. ಈ ಕಡೆಯಿಂದ ಗಣಪತಿ ಎಡಮುರಿಯೇ ಆಗಿದ್ದ. ಬೆನ್ನು ಹೊರಗೆ ಮಾಡಿ, ತನ್ನ ಕಾರ್ಖಾನೆಯ ಗೋಡೆಗೆ ಮೊಳೆಯನ್ನು ತಾನೇ ಹೊಡೆದಳು.