ಬೆಳಿಗ್ಗೆಯೇ ಮುಗಿದ ಮಸೂದೆ

ಡೋಲ್ಮಾಗೆ ಸುಳ್ಳು ಸಮಯ ಹೇಳಿದವನು ನಾನೇ. ಪ್ರಾಂಶುಪಾಲರು ಅವಸರ ಮಾಡಿ ಚರ್ಚೆಯನ್ನು ಬೆಳಿಗ್ಗೆಗೇ ತಂದರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ — ಯಾರೂ ಅವಸರ ಮಾಡಿರಲಿಲ್ಲ.

ಮುಂಡಗೋಡಿನ ಕಾಲೇಜಿನಲ್ಲಿ ನಾವು ಒಂದೇ ತರಗತಿ. ಅವಳು ಟಿಬೆಟನ್ ಕ್ಯಾಂಪಿನವಳು, ಇಲ್ಲೇ ಹುಟ್ಟಿದವಳು, ಭಾಷಣಕ್ಕೆ ನಿಂತರೆ ನನಗಿಂತ ಒಳ್ಳೆಯ ಕನ್ನಡ. ಕೊನೆಯ ವರ್ಷ ಅಣಕು ಸಂಸತ್ತು ನಡೆಯಿತು. ಹೊರದೇಶದಿಂದ ಬಂದು ನೆಲೆಸಿದವರ ಹಕ್ಕು ಮೊಟಕುಗೊಳಿಸುವ ಮಸೂದೆ. ಯಾವ ಚರ್ಚೆ ಯಾವಾಗ ಎಂದು ಗೊತ್ತುಮಾಡುವ ಸಂಸದೀಯ ವ್ಯವಹಾರಗಳ ಸಚಿವ ನಾನು. ವಿರೋಧ ಪಕ್ಷದ ನಾಯಕಿ ಅವಳು. ಮಗಳ ಮಾತು ಕೇಳಲು ಅವಳ ಅಮ್ಮ ಹುಬ್ಬಳ್ಳಿಯ ಸ್ವೆಟರ್ ಅಂಗಡಿ ಮುಚ್ಚಿ ಬರುವವರಿದ್ದರು.

ಹಿಂದಿನ ದಿನ ಡೋಲ್ಮಾ ಖುಷಿಯಿಂದ ಹೇಳಿದಳು, “ಜುಜೆ, ನಾಳೆ ನಿನ್ನ ಹೆಸರೂ ತಗೋತೇನಿ. ನಿಮ್ಮ ಸಿದ್ದಿ ಮಂದಿಗೆ ಇವತ್ತಿಗೂ ಯಾವ ದೇಶ ಅಂತ ಕೇಳ್ತಾರ ಅಂತ ಹೇಳ್ತೇನಿ.”

ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಆದರೆ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಮೈಬಣ್ಣ, ಗುಂಗುರು ಕೂದಲು ಹೊತ್ತು, ಹಳಿಯಾಳದ ಬಸ್ಸುಗಳಲ್ಲಿ ಆ ಪ್ರಶ್ನೆ ಕೇಳಿಸಿಕೊಂಡೇ ಬೆಳೆದವನು ನಾನು. ಒಂದು ದಿನವಾದರೂ ಎರವಲು ಕೋಟು ತೊಟ್ಟು, ಯಾರು ಒಳಗಿನವರು ಯಾರು ಹೊರಗಿನವರು ಎಂದು ತೀರ್ಮಾನಿಸುವ ಕಡೆ ಕೂರಬೇಕಿತ್ತು — ಅಷ್ಟೇ ಆಸೆ. ನಗುತ್ತಲೇ ಹೇಳಿದೆ:

“ಮಧ್ಯಾಹ್ನ ಊಟ ಆದಮ್ಯಾಲ ಐತಿ. ಅಮ್ಮನ್ನ ಕರ್ಕೊಂಡು ಸಾವಕಾಶ ಬಾ.”

ಬೆಳಿಗ್ಗೆ, ನಾಯಕಿಯಿಲ್ಲದ ವಿರೋಧ ಪಕ್ಷದಲ್ಲಿ ಎದ್ದು ಮಾತಾಡುವವರಿಲ್ಲದೆ, ಮಸೂದೆ ಪಾಸಾಯಿತು. ಮಧ್ಯಾಹ್ನ ಬಂದ ಅವಳ ಅಮ್ಮ ಖಾಲಿ ಸಭಾಂಗಣ ನೋಡಿ, ನನ್ನ ಕೆನ್ನೆ ತಟ್ಟಿ, “ಮುಂದಿನ ಸಲ ಕೇಳೂಣು ಬಿಡು” ಎಂದರು. ಪ್ರಾಂಶುಪಾಲರು ಅವಸರ ಮಾಡಿದರು ಎಂದು ನಾನು ಹೇಳುತ್ತಿರುವಾಗಲೇ ಡೋಲ್ಮಾ ಅಮ್ಮನನ್ನು ಕರೆದುಕೊಂಡು ಹೊರಟಳು.

ಈಗ ನಾನು ಜೊಯಿಡಾದಲ್ಲಿ ಮೇಷ್ಟ್ರು, ಅವಳು ನರ್ಸ್. ನಮ್ಮ ಶಾಲೆಯಲ್ಲೂ ಅಣಕು ಸಂಸತ್ತು ನಡೆಸಬೇಕೆಂದಾಗ ನನಗೆ ತಡೆಯಲಾಗಲಿಲ್ಲ — ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ಜೋರು ನಗು ಕೇಳಿಸಿತು.

“ನನಗ ಅವತ್ತ ಗೊತ್ತಾಗಿತ್ತೋ. ಪ್ರಾಂಶುಪಾಲರನ್ನ ಕೇಳಿದ್ದೆ. ನೀನ ಹೇಳ್ತಿ ಅಂತ ಸುಮ್ಮನಿದ್ದೆ. ಈಗರೆ ಒಂದು ದಿನ ಗೊತ್ತು ಮಾಡ್ರಿ, ಮಂತ್ರಿಗಳೇ.”

ಗೊತ್ತುಮಾಡಿದೆ. ಶಾಲೆಯ ಅಂಗಳದಲ್ಲಿ ಮಕ್ಕಳ ಎದುರು ನಾನು ಅದೇ ಮಸೂದೆ ಮಂಡಿಸಿದೆ, ಡೋಲ್ಮಾ ಎದ್ದು ನಿಂತಳು. ಬಂದವರು ಬರೀ ಬರುವುದಿಲ್ಲ, ದುಡಿಯುತ್ತಾರೆ, ಹೆರುತ್ತಾರೆ, ಇಲ್ಲಿಯ ಮಣ್ಣಲ್ಲೇ ಮಲಗುತ್ತಾರೆ ಎಂದಳು. ನನ್ನತ್ತ ಕೈ ತೋರಿಸಿ, “ಈ ಮಂತ್ರಿಗಳನ್ನ ಯಾವ ದೇಶ ಅಂತ ಕೇಳ್ರಿ ನೋಡೂಣು” ಎಂದಾಗ ಮಕ್ಕಳು ನಕ್ಕರು, ನಾನೂ ನಕ್ಕೆ — ಆ ಪ್ರಶ್ನೆಗೆ ನಾನು ನಕ್ಕದ್ದು ಅದೇ ಮೊದಲು. ಮಸೂದೆ ಬಿದ್ದುಹೋಯಿತು. ಸೋತು ಅಷ್ಟು ಹಗುರಾದದ್ದು ನೆನಪಿಲ್ಲ.

ಮುಂದಿನ ಸಾಲಿನಲ್ಲಿ ಕೂತ ಅವಳ ಅಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ಅವರಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಪಕ್ಕದಲ್ಲಿ ಕೂತು, ಅಂದು ಮಗಳ ಮಾತು ಕೇಳುವುದನ್ನು ತಪ್ಪಿಸಿದವನು ನಾನೇ ಎಂದು ಹೇಳಿದೆ.

ಅವರು ನನ್ನ ಕೈ ಹಿಡಿದುಕೊಂಡರು.

“ಇವತ್ತು ಚಲೋ ಮಾತಾಡಿದಳು,” ಎಂದರು. “ಆದರ ಅವಾಗ ಅವಳ ದನಿ ಸಣ್ಣ ಹುಡುಗೀದಿತ್ತಪಾ. ಅದನ್ನ ಕೇಳಬೇಕಿತ್ತು.”

ಆ ದನಿಯನ್ನು ಯಾವ ದಿನಕ್ಕೂ ಗೊತ್ತುಮಾಡಿ ಕೊಡಲಾರೆ.