ಸ್ಪಂಜು ಕಳಚಿದ ಕತ್ತಿ

ನನ್ನ ಎದೆಗೆ ಬರುತ್ತಿದ್ದ ಕತ್ತಿಯ ತುದಿಯಲ್ಲಿ ಸ್ಪಂಜು ಇರಲಿಲ್ಲ. ಎಪ್ಪತ್ತರ ದಶಕ, ಹೊಸನಗರದಲ್ಲಿ ನಮ್ಮ ಹೈಸ್ಕೂಲಿನ ನಾಟಕ. ರಾಜನ ವೇಷದ ಗೆಳತಿ ಕಮಲ ನನ್ನನ್ನು ಕೊಲ್ಲುವ ದೃಶ್ಯ. ಪೆಟ್ಟಾಗದಿರಲೆಂದು, ಅಡಿಕೆ ಮರದ ಸೀಳು ದಬ್ಬೆಯಿಂದ ಮಾಡಿದ ಆ ಕತ್ತಿಯ ತುದಿಗೆ ಹಳೇ ಬಸ್ ಸೀಟಿನ ಸ್ಪಂಜನ್ನು ಹಲಸಿನ ಮೇಣದಿಂದ ಅಂಟಿಸಿದ್ದೆವು. ಗ್ಯಾಸ್‌ಲೈಟಿನ ಬಿಸಿಗೆ ಮೇಣ ಕರಗಿ ಸ್ಪಂಜು ಕಳಚಿ ಬಿದ್ದಿತ್ತು. ಸಭೆಯತ್ತ ಮುಖ ಮಾಡಿದ್ದ ಕಮಲಳಿಗೆ ಅದು ಗೊತ್ತೇ ಇಲ್ಲ.

“ನಿಲ್ಲಿಸು, ಕೊಲ್ಲಬೇಡ” ಎಂದು ಕಿರುಚಿದೆ. ನಾಟಕದಲ್ಲಿ ನನ್ನ ಮಾತೂ ಅದೇ ಆಗಿತ್ತು. ಜನ ಚಪ್ಪಾಳೆ ತಟ್ಟಿದರು, ಅವಳು ಇನ್ನೂ ಜೋರಾಗಿ ನುಗ್ಗಿದಳು. ಚೂಪು ದಬ್ಬೆ ರವಿಕೆ ಹರಿದಾಗ, “ಕಮ್ಲಿ, ಸ್ಪಂಜ್ ಕಳಚೋಗಿದೆ ಮಾರಾಯ್ತಿ, ನಿಲ್ಸೆ” ಎಂದು ಅತ್ತುಬಿಟ್ಟೆ. ಆಗ ಅವಳ ಕೈ ನಿಂತಿತು.

ನನ್ನ ನಿಜವಾದ ಕಿರುಚಾಟವನ್ನೂ ನಟನೆಯೆಂದೇ ತಿಳಿದು, ಅತ್ಯುತ್ತಮ ನಟಿಯೆಂದು ನನಗೊಂದು ಸ್ಟೀಲ್ ಲೋಟ ಕೊಟ್ಟರು. ಅದರಲ್ಲಿ ನಾನು ಇಂದಿಗೂ ನೀರು ಕುಡಿದಿಲ್ಲ.